ಹೆಬ್ಬೆಟ್ಟು

ಕುದಿವ ನೀರಿಗೆ ಚಿಟಿಕೆ ಉಪ್ಪು, ಒಂದು ತೊಟ್ಟು ಎಣ್ಣೆ,
ಅಕ್ಕಿಹಿಟ್ಟು ಸುರಿದು ಕೋಲಿನಲ್ಲಿ ನಾಲ್ಕು ಸುತ್ತು,
ತಟ್ಟೆ ಮುಚ್ಚಿ ಅಕ್ಕಯಮ್ಮತ್ತೆ ನನ್ನ ಕರೆದಳು:
"ಬಾ ಇಲ್ಲಿ. ಬೆರಳಿಟ್ಟು ನೋಡು. ಕಾಲಿಂದಾ?"

ಸುಟ್ಟಿತು. ಕೈ ಕೊಡವುತ್ತ ಕುಣಿದೆ.
"ಹಂಗಾರೆ ಸರಿ, ಈಗ ನಾದಬೋದು" ಅಂದು
ಹಬೆಯೊಳಗೆ ಎರಡೂ ಕೈ ಇಳಿಸಿದಳು,
ಎಮ್ಮೆ ಕೆರೆಗಿಳಿದ ಹಾಗೆ,
ಅವಸರವಿಲ್ಲದೆ.

ಅತ್ತೆ ಬಯ್ಯುವುದು ತೆಲುಗಿನಲ್ಲಿ, ಎಣಿಸುವುದು ಕನ್ನಡದಲ್ಲಿ,
ಕೂಲಿ ಕೇಳುವುದು ಉರ್ದುವಿನಲ್ಲಿ.
ಶಿಡ್ಲಘಟ್ಟದ ಬಾಬಾಜಾನ್ ಸಾಹೇಬರ ಫಿಲೇಚರಿನಲ್ಲಿ
ಮೂವತ್ತೆರಡು ವರ್ಷ
ಬೇಸಿನ್ನಿನ ಬಿಸಿನೀರಲ್ಲಿ ಬೆರಳದ್ದಿ ಗೂಡಿನ ಎಳೆ ಹುಡುಕಿದವಳು.
ಕಣ್ಣಿಗೆ ಕಾಣದ ಎಳೆ;
ಸಿಕ್ಕಿತೋ ಇಲ್ಲವೋ ಬೆರಳೇ ಹೇಳಬೇಕು.
ಹೇಳಿ ಹೇಳಿ ಸವೆದು, ಈಗ ಅವು
ಬಿಸಿಯನ್ನೂ ಹೇಳವು, ತಣ್ಣಗನ್ನೂ ಹೇಳವು.

ಮೊನ್ನೆ ಸೊಸೈಟಿಯಲ್ಲಿ ಅಕ್ಕಿಗೆ ನಿಂತು
ಪುಟ್ಟ ಯಂತ್ರದ ಕೆಂಪು ಗಾಜಿಗೆ ಹೆಬ್ಬೆಟ್ಟೊತ್ತಿದಳು.
ಕೂಯ್ ಅಂತು.
ಸೆರಗಿಗೆ ಒರೆಸಿ ಒತ್ತಿದಳು. ಕೂಯ್.
ಎಡಗೈ. ತೋರುಬೆರಳು. ಎಂಜಲು ಹಚ್ಚಿ, ಕೂದಲಿಗೆ ಉಜ್ಜಿ,
ಕಡೆಗೆ ದೇವರಿಗೆ ಮುಗಿವಂತೆ ಕೈ ಮುಗಿದು ಒತ್ತಿದಳು.
"ಅಜ್ಜೀ, ನಿಮ್ಮ ಬೆರಳಲ್ಲಿ ಏನೂ ಇಲ್ಲ" ಅಂದ ಹುಡುಗ.
ಸಾಲಲ್ಲಿ ನಿಂತವರೆಲ್ಲ ಅವಳ ಹೆಸರು ಬಲ್ಲವರೇ.
ಹಾಗಾಗಿ ಈ ಕಡುಬಿನ ಅಕ್ಕಿ
ಪಕ್ಕದ ಮನೆ ಜುಬೇದಾಳಿಂದ ತಂದ ಎರಡು ಸೇರು ಕಡ.

ಹೂರಣದ ಕೆಲಸ ನನ್ನದು.
ಕಾಯಿತುರಿ, ಬೆಲ್ಲ, ಹುರಿದ ಎಳ್ಳು,
ಬಾಣಲಿಯ ತಳ ಬಿಡುವ ತನಕ ತಿರುವಬೇಕು.
ಎರಡು ಸಲ ನೆಕ್ಕಿದೆ.
ನೈವೇದ್ಯಕ್ಕೆ ಮುಂಚೆ ತಿಂದರೆ ಗಣಪ ನೋಡುತ್ತಾನೆ ಅಂದಳು,
ನೋಡದಂತೆ ತಾನೂ ಚೂರು ಬಾಯಿಗೆ ಹಾಕಿಕೊಂಡಳು.

ಉಂಡೆ ಅಂಗೈಯಲ್ಲಿ ಬಟ್ಟಲಾಯಿತು, ಬಟ್ಟಲು ತುಂಬಿತು,
ಅಂಚು ಒಂದರ ಬೆನ್ನಿಗೊಂದು ಮಡಿಕೆ ಬಿತ್ತು.
ಕೊನೆಗೆ ಹೆಬ್ಬೆಟ್ಟಿನ ಒಂದು ಹೆಚ್ಚಿನ ತಿರುವು.
ಎಳೆ ತುಂಡಾದಾಗ ಹಾಕುತ್ತಿದ್ದ ಗಂಟಿನ ತಿರುವಂತೆ ಅದು,
ನನಗೆ ಇವತ್ತೇ ತಿಳಿದದ್ದು.
ಒದ್ದೆ ಬಟ್ಟೆಯ ಮೇಲೆ ಸಾಲು ಕೂತವು,
ಚಂದ್ರಿಕೆಯಲ್ಲಿ ಕಟ್ಟಿದ ಗೂಡಿನ ಹಾಗೆ.
ನಾನು ಹಾಗಂದೆ.
"ಇದರಾಗೆ ಹುಳ ಇಲ್ಲ ಕಣೇ" ಅಂದಳು. "ಸದ್ಯ."

ನನ್ನವು ಐದು.
ಮೂರು ಹಬೆಯಲ್ಲೇ ಬಾಯಿ ಬಿಟ್ಟು ಬೆಲ್ಲ ಕಕ್ಕಿದವು.
ಒಡೆದದ್ದನ್ನು ತೆಗೆದಿಡಲೇ ಎಂದರೆ
ಇಪ್ಪತ್ತೊಂದರ ಲೆಕ್ಕಕ್ಕೆ ಸೇರಿಸಿಬಿಟ್ಟಳು:
"ಅವನ ಕೊಂಬು ಮುರಿದಿಲ್ಲೇನು?
ಅವನಿಗೆ ಗೊತ್ತಾಗುತ್ತೆ, ಹಾಕು."

ಸಂಜೆ ತಟ್ಟೆಗೆ ಕರವಸ್ತ್ರ ಮುಚ್ಚಿ ಓಣಿ ತುಂಬ ಹಂಚಿದೆ.
ಜುಬೇದಾ ಕಡದ ಮಾತೆತ್ತಲಿಲ್ಲ, ಎರಡು ಹೆಚ್ಚಿಗೆ ತೆಗೆದುಕೊಂಡಳು.
ಬಾಬಾಜಾನರ ಮೊಮ್ಮಗ, ಮುಂದಿನ ಹಲ್ಲು ಬಿದ್ದವನು,
ನನ್ನದನ್ನು ಬೆರಳಲ್ಲಿ ಬದಿಗೆ ತಳ್ಳಿ
"ಇದು ಅಲ್ಲ" ಅಂದ.
ತಿರುವಿದ್ದನ್ನು ಹುಡುಕಿ ಎತ್ತಿ
"ಇದು ಅಕ್ಕಯಮ್ಮಂದು" ಅಂತ ಓಡಿದ.
ಸೊಸೈಟಿಯ ಹುಡುಗನ ಮನೆಗೂ ಹೋಗಿತ್ತು ಒಂದು ಪಾಲು.
ಅವನೇನು ಅಂದನೋ ನಾನು ಕೇಳಲಿಲ್ಲ.

ಬೆಳಗ್ಗೆ ಎದ್ದು ಫೋನಿಗೆ ಹೆಬ್ಬೆರಳಿಟ್ಟೆ.
ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ.
ಮತ್ತೆ. ಮತ್ತೆ.
ಬೆರಳ ತುದಿಯಲ್ಲಿ ನಿನ್ನೆಯ ಬೊಬ್ಬೆ,
ಹೊಳೆಯುತ್ತ, ತುಂಬಿಕೊಂಡು.
ಅತ್ತೆಗೆ ತೋರಿಸಿದೆ.
ಕನ್ನಡಕ ಹುಡುಕಿ ತಂದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ
"ಹಿಟ್ಟು ಹದವಾಗೇ ಇತ್ತು" ಅಂದಳು.