ನಕ್ಷೆಯಲ್ಲಿ ನೀಲಿ

ಫೋನಿನ ನಕ್ಷೆಯಲ್ಲಿ ಅದು ನೀಲಿಯಾಗಿಯೇ ಇತ್ತು,
ಅಲ್ ಖೂದ್‌ನ ಮೇಲುಗಡೆ, ಕಿರುಬೆರಳ ಉಗುರಿನಷ್ಟು ಕೆರೆ.
ವಾರವಿಡೀ ಟ್ಯಾಂಕರಿನಲ್ಲಿ ನೀರು ಹೊರುವವನಿಗೆ
ಶುಕ್ರವಾರವಾದರೂ ಸುಮ್ಮನೆ ನಿಂತ ನೀರು ನೋಡುವ ಆಸೆ:
ಯಾರಿಗೂ ಮುಟ್ಟಿಸಬೇಕಿಲ್ಲದ,
ಚೀಟಿಗೆ ಸಹಿ ಹಾಕಿಸಿಕೊಳ್ಳಬೇಕಿಲ್ಲದ ನೀರು.

ಕ್ಷೌರದಂಗಡಿಯ ವಾಮನ ಭಂಡಾರಿ ಈಜುಚಡ್ಡಿ ತಂದಿದ್ದ.
ಕಾಂಕ್ರೀಟು ಪರೀಕ್ಷಿಸುವ ಸಿಪ್ರಿಯನ್ ತಂದದ್ದು
ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ನಿನ್ನೆಯ ಗೋಳಿಬಜೆ.
ಕಾರು ಎರವಲಿನದು, ಏಸಿ ಬರೀ ಸದ್ದಿನದು.

ಕಟ್ಟೆ ಹತ್ತಿದೆವು.
ಎಡಕ್ಕೂ ಬಲಕ್ಕೂ ಕಣ್ಣು ಸೋಲುವಷ್ಟು ಉದ್ದದ ಕಟ್ಟೆ,
ಆಚೆಗೆ ಕಂದು ಬೆಟ್ಟ, ಈಚೆಗೆ ಊರಿನ ಬಿಳಿ ಬಿಳಿ ಮನೆ,
ನಡುವೆ ಇರಬೇಕಾದದ್ದು ಮಾತ್ರ ಇರಲಿಲ್ಲ.
"ಕದ್ದುಕೊಂಡು ಹೋದರಾ ಮಾರಾಯ?" ಅಂದ ವಾಮನ,
ನನ್ನನ್ನೇ ನೋಡಿ.

ಬಂದ ತಪ್ಪಿಗೆ ಇಳಿದೆವು, ಕೆರೆಯ ತಳಕ್ಕೆ.
ಒಣಗಿದ ಮೆಕ್ಕಲು ಅಂಚೆತ್ತಿಕೊಂಡಿತ್ತು
ಕಾವಲಿ ಬಿಡುವ ನೀರುದೋಸೆಯ ಹಾಗೆ;
ಕಾಲಿಟ್ಟರೆ ಚಟ್, ಚಟ್.
ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಕೂಡುವಲ್ಲಿ ಹುಟ್ಟಿದವನು,
ನೀರೆಂದರೆ ಸದ್ದು ಅಂದುಕೊಂಡೇ ದೊಡ್ಡವನಾದೆ.
ಇಲ್ಲಿ ಯಾರದೋ ಒಂಟಿ ಚಪ್ಪಲಿ. ಆಡಿನ ಗೊರಸಿನ ಚುಕ್ಕಿ.
ನಾಯಿಯೊಂದು ಓಡಿದ ಗುರುತು, ಹಸಿಯಿದ್ದಾಗಿನದು,
ಇನ್ನೂ ಓಡುತ್ತಲೇ ಇದೆ.

ಸಿಪ್ರಿಯನ್ ಕೋಡಿಯ ಗೋಡೆಗೆ ಗೆಣ್ಣಿನಿಂದ ತಟ್ಟಿದ,
ಕಲ್ಲಂಗಡಿ ಕೊಳ್ಳುವವನಂತೆ,
"ಸಾಚಾ ಮಾಲು" ಅಂತ ಒಪ್ಪಿಗೆ ಕೊಟ್ಟ.
ಪಕ್ಕದಲ್ಲೇ ನೀರಳೆಯುವ ಪಟ್ಟಿ, ನೆಟ್ಟಗೆ,
ಕಪ್ಪು ಅಂಕಿ: ಒಂದು, ಎರಡು, ಮೂರು.
ವಾಮನ ಬೆನ್ನಾನಿಸಿ ನಿಂತ, ಶಾಲೆಯ ಹುಡುಗನಂತೆ.
ಅವನ ಬೊಕ್ಕತಲೆ ಒಂದೂ ಮುಕ್ಕಾಲಿಗೆ ಮುಗಿಯಿತು.
ಪಟ್ಟಿ ಮುಗಿಯಲಿಲ್ಲ.
ಆರನೆಯ ಮೀಟರಿನ ಮೇಲೊಂದು ಹಕ್ಕಿ ಕೂತು
ನಮ್ಮನ್ನು, ಮುಳುಗಿದವರನ್ನು, ಬಗ್ಗಿ ನೋಡುತ್ತಿತ್ತು.

ಆಡು ಹೊಡೆದುಕೊಂಡು ಬಂದ ಮುದುಕರು ಖಲ್ಫಾನ್.
ಅರ್ಧ ಹಿಂದಿ, ಅರ್ಧ ಅರಬಿ, ಉಳಿದದ್ದು ಕೋಲು.
ಕೋಲೆತ್ತಿ ಅಂಕಿ ಐದನ್ನು ತೋರಿಸಿದರು:
ಆಚೆ ವರ್ಷ ಮೂರು ದಿನ ಮಳೆ, ಅಲ್ಲಿಯವರೆಗೆ ನೀರು.
"ಆಮೇಲೆ?"
ಅಂಗೈಯನ್ನು ನೆಲದ ಕಡೆ ತಿರುಗಿಸಿ
ಮಗುವನ್ನು ಮಲಗಿಸುವಂತೆ ಮೆಲ್ಲ ಕೆಳಗಿಳಿಸಿದರು.
"ಶ್ವೈ ಶ್ವೈ."
ಇದು ತುಂಬಿಡುವ ಕಟ್ಟೆ ಅಲ್ಲವಂತೆ.
ವಾದಿಯ ನೀರಿಗೆ ಯಾವತ್ತೂ ಅವಸರ, ಕಡಲಿಗೆ ಓಡುವ ಚಟ;
ಸ್ವಲ್ಪ ಕೂರು, ಕೆಸರು ಇಳಿಯಲಿ, ಅನ್ನುವುದಕ್ಕಷ್ಟೇ ಕಟ್ಟೆ.
ಕೂತ ನೀರು ನೆಲ ಹಿಡಿಯುತ್ತದೆ,
ಜಲ್ಲಿಕಲ್ಲಿನ ಸಂದಿಯಲ್ಲಿ ಕತ್ತಲಲ್ಲೇ ನಡೆದು
ಸೀಬ್ ಕಡೆಯ ತೋಟದ ಬಾವಿಗಳಿಗೆ ಹೋಗುತ್ತದೆ,
ಅಲ್ಲಿಯವರೆಗೆ ನುಗ್ಗಿದ ಉಪ್ಪನ್ನು ಹಿಂದಕ್ಕೆ ದೂಡುತ್ತದೆ.

ನಾನು ಚಹಾದ ಲೋಟ ಕೆಳಗಿಟ್ಟೆ.
ಸೀಬ್ ಕಡೆಯ ತೋಟದ ಬಾವಿ.
ದಿನಾ ಬೆಳಗಿನ ನಾಲ್ಕೂವರೆಗೆ
ಖರ್ಜೂರದ ಮರಗಳ ಅಡಿಯಲ್ಲಿ, ಪಂಪಿನ ಗುಡುಗಿನಲ್ಲಿ
ನಾನು ಪೈಪು ಜೋಡಿಸುವುದು ಅಲ್ಲಿಯೇ.
ಎಂಟು ವರ್ಷ ಈ ಕೆರೆಯನ್ನೇ ಹೊತ್ತು ತಿರುಗಿದ್ದೆನಲ್ಲ,
ಕಟ್ಟಡದವರಿಗೆ, ರಸ್ತೆ ನಡುವಿನ ಹೂಗಿಡಗಳಿಗೆ,
ಒಂದು ದಿನವೂ ಅದರ ಮನೆ ಯಾವುದೆಂದು ಕೇಳದೆ.

ಯಾರಿಗೂ ಹೇಳಲಿಲ್ಲ.
ವಾಮನ ಈಜುಚಡ್ಡಿಯನ್ನು ತಲೆಗೆ ಸುತ್ತಿ ಬಿಸಿಲು ತಡೆಯುತ್ತಿದ್ದ.
ಸಿಪ್ರಿಯನ್ ಕೊನೆಯ ಗೋಳಿಬಜೆ ಖಲ್ಫಾನರಿಗೆ ಕೊಟ್ಟ;
ಅವರು ಮುರಿದು ಅರ್ಧ ತಿಂದರು, ಅರ್ಧ ಆಡಿಗೆ.

ಭಾನುವಾರ, ಮಬೇಲದ ಕೆಂಪು ದೀಪ.
ಬ್ರೇಕು ಒತ್ತಿದೆ. ಲಾರಿ ನಿಂತಿತು, ನೀರು ನಿಲ್ಲಲಿಲ್ಲ.
ಯಾವಾಗಲೂ ಹಾಗೆಯೇ: ಒಂದು ಗಳಿಗೆ ಬಿಟ್ಟು
ಹಿಂದಿನಿಂದ ಬೆನ್ನಿಗೊಂದು ತಳ್ಳು.
ಮೊದಲಾದರೆ ಬೈಯುತ್ತಿದ್ದೆ.
"ಕೂರು ಮಾರಾಯ," ಅಂದೆ,
"ಹಸಿರು ಬೀಳಲಿ."