ಸಿಹಿನೀರಿನವಳು

ನಮ್ಮ ದೇಶಕ್ಕೆ ಕಡಲಿಲ್ಲ.
ಇರುವುದು ಬಾಲಟೋನ್, ಹಾಲು ಬೆರೆತ ಹಸಿರಿನ ಕೆರೆ.
ದೋಣಿ ಮಗುಚಿದರೆ ಎದ್ದು ನಿಲ್ಲಬಹುದು,
ಎದೆಮಟ್ಟ ನೀರು, ಕಾಲ್ಬೆರಳ ಸಂದಿಯಲ್ಲಿ ಮೆತ್ತನೆ ಕೆಸರು.
ಎಮೆಶೆ ಬಿದ್ದು, ನಿಂತು, ಹಾಗೇ ಕಲಿತಳು.

ಹದಿನಾಲ್ಕರಲ್ಲಿ ಮೊದಲ ಸಲ ಕಡಲು ಕಂಡು
ಅಂಗೈ ನೆಕ್ಕಿ, ಮುಖ ಕಿವುಚಿ,
"ಉಪ್ಪು ಜಾಸ್ತಿ ಆಯ್ತು" ಅಂದಳು ಅಕ್ಕ,
ಪಿರೋಶ್ಕಾ ಅಜ್ಜಿಯ ಸಾರಿಗೆ ಅಂದ ಹಾಗೆ.

ಆಮೇಲೆ ಹದಿನಾರು ವರ್ಷ ಉಪ್ಪೇ.
ವ್ಯಾನಿನ ತಲೆಯ ಮೇಲೆ ಕವುಚಿ ಮಲಗಿದ ದೋಣಿ,
ಸ್ಟೀರಿಂಗ್ ಹಿಂದೆ ನಾನು, ಪಕ್ಕದಲ್ಲಿ ಅವಳ ನಿದ್ದೆ,
ಹಿಂದಿನ ಸೀಟಿನಲ್ಲಿ ಒಣಗದ ಸಾಕ್ಸು.
ಜೆನೋವಾ, ಕೀಲ್, ಪಾಲ್ಮಾ:
ನನಗೆ ಅವು ಊರುಗಳಲ್ಲ, ಪಾರ್ಕಿಂಗ್ ಚೀಟಿಗಳು.

ಗಾಳಿ ಜೋರಾದಾಗ ಅಂಚಿನಾಚೆ ಮೈಚಾಚಿ ತೂಗಬೇಕು,
ತೂಗಲು ತೂಕ ಬೇಕು.
ಅಜ್ಜಿ ರೊಟ್ಟಿಗೆ ಹಂದಿಕೊಬ್ಬು ಸವರಿ ಸವರಿ ಕೊಟ್ಟಳು.
ಕೆರೆ ಕಲ್ಲಾದ ಚಳಿಗಾಲದಲ್ಲಿ
ಗ್ಯಾರೇಜಿನ ಹಲಗೆಗೆ ಪಾದ ಸಿಕ್ಕಿಸಿ
ಗಾಳಿಯಿಲ್ಲದೆ, ನೀರಿಲ್ಲದೆ,
ತೊಡೆ ನಡುಗುವ ತನಕ ಹಿಂದಕ್ಕೆ ಒರಗಿರುತ್ತಿದ್ದಳು.
ಗಡಿಯಾರ ಹಿಡಿದು ನಾನು ಸುಳ್ಳು ಹೇಳುತ್ತಿದ್ದೆ:
ಇನ್ನು ಹತ್ತೇ ಸೆಕೆಂಡು.

ಮೊದಲ ಒಲಿಂಪಿಕ್ಸ್: ಮೂವತ್ತಮೂರನೇ ಸ್ಥಾನ.
ಬೇಕರಿಯವನು ಕೇಕಿನ ಮೇಲೆ ಬರೀ ಮೂರು ಅಂತ ಬರೆದ,
ಇನ್ನೊಂದು ಮೂರಕ್ಕೆ ಜಾಗ ಸಾಲಲಿಲ್ಲವಂತೆ.

ಎರಡನೆಯದು.
ಪದಕದ ಓಟಕ್ಕೆ ಹತ್ತೇ ದೋಣಿ.
ಅವಳು ಹನ್ನೊಂದು.
ಒಂದು ಅಂಕ. ಅದು ಎಲ್ಲಿ ಹೋಯಿತೆಂದೂ ಅವಳಿಗೆ ಗೊತ್ತು:
ಮಂಗಳವಾರ, ಎರಡನೇ ಗುರುತಿನ ಬಳಿ,
ಗಾಳಿ ಬಲಕ್ಕೆ ಹೊರಳುತ್ತದೆಂದು ಮೈ ಹೇಳಿತು,
ಲೆಕ್ಕ ಎಡಕ್ಕೆ ಅಂದಿತು.
ಲೆಕ್ಕದ ಮಾತು ಕೇಳಿದಳು.
ಆ ಹತ್ತು ಮಂದಿ ನೀರಲ್ಲಿದ್ದಾಗ
ನಾವು ದಡದಲ್ಲಿ ಕಲ್ಲಂಗಡಿ ತಿಂದು
ಯಾರ ಬೀಜ ದೂರ ಎಂದು ಉಗಿಯುತ್ತಿದ್ದೆವು.
ಗೆದ್ದವಳು ಅವಳೇ.

ಮೂರನೆಯದರ ಬಗ್ಗೆ ಕೇಳಬೇಡಿ.
ಬೆನ್ನು, ಕಪ್ಪು ಬಾವುಟ, ಮತ್ತೆ ಬೆನ್ನು.

ಈಗ ಸಾಂತೋಡಿನಿಂದ ತಿಹಾನಿಗೆ ದಾಟಿಸುವ ಫೆರಿ ಅವಳದು.
ಡೀಸೆಲ್ ಎಂಜಿನ್, ಮೂವತ್ತು ಕಾರು, ಹತ್ತು ನಿಮಿಷ.
"ಅಂಕುಡೊಂಕಾಗಿಯೇ ಬದುಕಿದವಳು,
ಎದುರುಗಾಳಿಗೆ ಹೀಗೆ ನೇರ ಹೋಗುವುದು
ಕಳ್ಳತನದ ಹಾಗಿದೆ ಕಣೋ."

ನಿನ್ನೆ ಅವಳ ಕ್ಯಾಬಿನ್ನಿನಲ್ಲಿ ಕಾಫಿ ಕುಡಿಯುತ್ತಿದ್ದೆ.
ಮಾತಿನ ನಡುವೆ ಅವಳ ಮೈ ತಾನಾಗಿ ಬಲಕ್ಕೆ ವಾಲಿತು,
ಪಾದ ನೆಲದಲ್ಲಿ ಇಲ್ಲದ ಪಟ್ಟಿ ಹುಡುಕಿತು.
"ಬೆನ್ನು ನೋವಾ?"
"ಅಲ್ಲ. ಬಲದಿಂದ ಬಂತು ನೋಡು."

ಕಿಟಕಿಯಾಚೆ ನೀರು ಸುಮ್ಮನಿತ್ತು.
ನನ್ನ ಲೋಟ ಖಾಲಿಯಾಗುವ ಹೊತ್ತಿಗೆ
ಬಲಗಡೆಯಿಂದ ಕಪ್ಪಾಗುತ್ತ ಬಂತು.