ಅರ್ಧ ಮಾತ್ರೆ

ಬೆಳಗಿನ ಜಾವ ಮೂರಕ್ಕೆ ಹಿಮ ತಳ್ಳುವ ಲಾರಿ ಹತ್ತುವವಳು ನಾನು,
ಐಲಾ ರೌಟಿಯೊ, ಹತ್ತೊಂಬತ್ತು ಚಳಿಗಾಲಗಳಿಂದ.
ಸುಪೀರಿಯರ್ ಸರೋವರದಂಚಿನ ರಸ್ತೆ ನನ್ನ ಪಾಲಿನದು:
ಶಾಲೆಯ ಬಸ್ಸಿಗೆ ಮುಂಚೆ, ಹಾಲಿನ ಟ್ಯಾಂಕರಿಗೆ ಮುಂಚೆ
ದಾರಿ ಬಿಡಿಸಬೇಕು.

ಜನವರಿಯಲ್ಲೊಂದು ದಿನ ನಿಂತುಬಿಟ್ಟೆ.
ಎಂಜಿನ್ ಓಡುತ್ತಿತ್ತು, ವೈಪರ್ ಆಡುತ್ತಿತ್ತು,
ಗೇರಿನ ಮೇಲಿದ್ದ ಕೈ ಮಾತ್ರ ಯಾರದೋ.
ನಲವತ್ತು ನಿಮಿಷ.
ಹಾಲಿನವನು ಹಾರ್ನ್ ಹೊಡೆದ, ಹೊಡೆದ,
ಕೊನೆಗೆ ಇಳಿದು ಬಂದು ಗಾಜು ತಟ್ಟಿದ.

ಹೀಗೆ ಬಂದೆ ಇಲ್ಲಿಗೆ. ಒಂದು ಕಾಲದ ಬ್ಯಾಂಕು;
ತಿಜೋರಿಯೊಳಗೆ ಈಗ ರೋಗಿಗಳ ಕೋಟು ತೂಗುತ್ತವೆ.
ನಾನು ಕೋಟು ತೆಗೆಯಲಿಲ್ಲ.
ಅಮ್ಮನನ್ನು ಕರೆದೊಯ್ದಿದ್ದರು ದಕ್ಷಿಣದ ಇಟ್ಟಿಗೆಯ ಆಸ್ಪತ್ರೆಗೆ,
ನಾನು ಏಳರವಳು. ಮರಳಿದ ಅಮ್ಮ
ಅದೇ ಬಟ್ಟಲನ್ನು ಸಂಜೆಯವರೆಗೆ ತೊಳೆಯುತ್ತಿದ್ದಳು.

"ಡೆಂಜಿಲ್ ಟ್ರೆವಾರೊ, ನರ್ಸ್ ಪ್ರಾಕ್ಟೀಷನರ್" ಎಂದ.
"ಡಾಕ್ಟರಲ್ಲವೋ?" ಒರಟಾಗಿಯೇ ಕೇಳಿದೆ.
"ಅಲ್ಲ, ನರ್ಸು. ಹನ್ನೆರಡು ವರ್ಷ ವಾರ್ಡಿನಲ್ಲಿ ರಾತ್ರಿ ಪಾಳಿ,
ಆಮೇಲೆ ಮತ್ತೆ ಓದಿದೆ. ಔಷಧಿ ಬರೆಯಬಲ್ಲೆ.
ಅವಸರವಿಲ್ಲ."
ರಾತ್ರಿ ಪಾಳಿ ಎಂದನಲ್ಲ,
ಅಲ್ಲಿ ಬಿಚ್ಚಿದೆ ಕೋಟಿನ ಮೊದಲ ಗುಂಡಿ.

ನಾನು ಕಣ್ಣು ಕಿರಿದುಮಾಡಿದ್ದು ಕಂಡು
ಎದ್ದು ಟ್ಯೂಬ್‌ಲೈಟ್ ಆರಿಸಿದ. ಇಷ್ಟೇ.
ಮನೆಯವರೂ ಅಷ್ಟು ನೋಡಿರಲಿಲ್ಲ ನನ್ನ ಮುಖ.
ಕೇಳಿದ: ಕೂತು ಉಂಡದ್ದು ಯಾವಾಗ?
ಹಗಲಲ್ಲಿ ಮಲಗುವ ಕೋಣೆಗೆ ಪರದೆ ದಪ್ಪಗಿದೆಯೇ?
ಅಮ್ಮನಿಗೆ ಆಗ ಏನು ಕೊಟ್ಟಿದ್ದರು, ನೆನಪಿದೆಯೇ?
ನೆನಪಿಲ್ಲ. ಬಟ್ಟಲು ನೆನಪಿದೆ.
ಅದನ್ನೂ ಬರೆದುಕೊಂಡ, ಬಟ್ಟಲನ್ನು.

ಆಮೇಲೆ, ಹಿಟ್ಟಿನ ಬೆಲೆ ಕೇಳುವಷ್ಟು ಸಹಜವಾಗಿ:
"ಸಾಯುವ ಯೋಚನೆ ಬಂದದ್ದುಂಟೇ?"

ಹೀಟರ್ ಟಿಕ್ ಎಂದಿತು.
"ಎರಡು ಸಲ" ಅಂದೆ. "ತಿರುವಿನಲ್ಲಿ,
ಸ್ಟೀರಿಂಗ್ ನೆಟ್ಟಗೆ ಬಿಟ್ಟರೆ ಸರೋವರ ಅಂತ."
ಅವನು ಬೆಚ್ಚಲಿಲ್ಲ. ಫೋನಿಗೆ ಕೈ ಹಾಕಲಿಲ್ಲ.
ಪೆನ್ನು ಕೆಳಗಿಟ್ಟ.
"ಹೇಳಿದ್ದು ಒಳ್ಳೆಯದಾಯಿತು" ಎಂದ,
ನಾನು ಅವನಿಗೇ ಏನೋ ಕೊಟ್ಟೆನೆಂಬಂತೆ.

ಆ ಮಧ್ಯಾಹ್ನವೇ ಜಿಂಕೆ ಬೇಟೆಯ ಕೋವಿ
ತಂಗಿ ಹಿಲ್ಯಾಳ ಮನೆಗೆ ಹೋಯಿತು, ವಸಂತದವರೆಗೆ.
ಲಾರಿಯ ಕೀಲಿ ಮೂರು ವಾರ ಮೇಸ್ತ್ರಿಯ ಮೇಜಿನಲ್ಲಿ.
ನಡುರಾತ್ರಿಯಲ್ಲೂ ಎತ್ತುವ ಒಂದು ನಂಬರನ್ನು
ನನ್ನ ಕೈಯಲ್ಲೇ ಬರೆಸಿದ, ಊಟದ ಡಬ್ಬಿಯ ಮುಚ್ಚಳದೊಳಗೆ.

ಔಷಧಿ? ಅರ್ಧ ಮಾತ್ರೆ.
"ಬಾಯಿ ಒಣಗಬಹುದು, ಹೊಟ್ಟೆ ತೊಳಸಬಹುದು,
ಕೆಲಸ ಮಾಡಲು ವಾರಗಳು ಬೇಕು.
ಒಗ್ಗದಿದ್ದರೆ ಬದಲಿಸೋಣ. ಬೇಡವೆನಿಸಿದರೆ
ತಟಕ್ಕನೆ ಬಿಡಬೇಡಿ, ನನಗೆ ಬೈಯಿರಿ ಮೊದಲು."
ಒಗ್ಗಲಿಲ್ಲ. ಬೈದೆ. ಬದಲಿಸಿದ.
ಎರಡನೆಯದು ನಿದ್ದೆ ತಂದಿತು,
ದೋಣಿಯ ಅಡಿ ಮರಳು ತಾಕುವಂಥ ನಿದ್ದೆ.

ಗುಣವಾಯಿತೇ ಎಂದರೆ ಏನು ಹೇಳಲಿ?
ಕೆಲವು ಬೆಳಗು ಕೈ ಇನ್ನೂ ಯಾರದೋ.
ಕೆಲವು ಬೆಳಗು ಕಾಫಿಗೆ ಕಾಫಿಯ ರುಚಿ.
ಬಟ್ಟಲು ತೊಳೆಯುತ್ತೇನೆ, ಒಮ್ಮೆ,
ಒರೆಸಿ ಬೋರಲು ಹಾಕುತ್ತೇನೆ.
ನೋಡಮ್ಮ, ಒಮ್ಮೆ.

ಏಪ್ರಿಲಿನ ಕೊನೆಯ ಹಿಮ ಬಿದ್ದ ದಿನ
ಅವನ ಕೋಣೆಗೆ ನುಗ್ಗಿದವಳೇ ಹೇಳಿದೆ:
"ನಿಮ್ಮ ಅಂಗಳದ ಹಿಮ ತೆಗೆದವನು ಯಾವ ಕತ್ತೆ?
ಅಂಗವಿಕಲರ ಜಾಗಕ್ಕೇ ಗುಡ್ಡ ಒಟ್ಟಿದ್ದಾನೆ!
ಮೂಲೆಯಿಂದ ಶುರು ಮಾಡಬೇಕು, ಇಷ್ಟೂ ಬೇಡವೇ ಬುದ್ಧಿ?"

ಡೆಂಜಿಲ್ ಕನ್ನಡಕ ಮೇಲೇರಿಸಿ, ತಾರೀಕು ಹಾಕಿ,
ನನಗೂ ಕೇಳುವಂತೆ ಓದುತ್ತಾ ಬರೆದ:
"ಇಂದು ಐಲಾಗೆ ಸಿಟ್ಟು ಬಂದಿದೆ."
ಕೆಳಗೊಂದು ಗೆರೆ ಎಳೆದ.
ನಾನು ಸಲಿಕೆ ಕೇಳಿದೆ.